ನೋಡಿ ಬರೆಯುವ ಕೈ: ಶಾಲೆಯ ಮಕ್ಕಳ ದೃಕ್-ಚಾಲನ ಕೌಶಲದ ಮಾಪನ

ಚೌಕವನ್ನು ನೋಡಿ ಬರೆಯಬಲ್ಲ ಮಗುವಿಗೆ ವಜ್ರಾಕೃತಿಯನ್ನು ನೋಡಿ ಬರೆಯಲು ಬರುವುದಿಲ್ಲ. 1916ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಟರ್ಮನ್ ಪರಿಷ್ಕರಿಸಿದ ಬಿನೆ ಮಾಪಕದಲ್ಲಿ ಚೌಕದ ಪ್ರಶ್ನೆಯನ್ನು ನಾಲ್ಕು ವರ್ಷದವರಿಗೂ ವಜ್ರಾಕೃತಿಯ ಪ್ರಶ್ನೆಯನ್ನು ಏಳು ವರ್ಷದವರಿಗೂ ಇಡಲಾಗಿತ್ತು. ಎರಡರಲ್ಲಿಯೂ ಇರುವುದು ನಾಲ್ಕೇ ಗೆರೆ, ನಾಲ್ಕೇ ಮೂಲೆ. ಚೌಕವನ್ನು ಒಂದು ಮೂಲೆಯ ಮೇಲೆ ನಿಲ್ಲಿಸಿ ತುಸು ಅಮುಕಿದರೆ ವಜ್ರಾಕೃತಿಯಾಗುತ್ತದೆ. ಆದರೂ ಇವೆರಡರ ನಡುವೆ ಬಾಲ್ಯದ ಮೂರು ವರ್ಷಗಳ ಅಂತರವಿದೆ. ಈ ಅಂತರದಲ್ಲಿ ಏನು ನಡೆಯುತ್ತದೆಂಬುದನ್ನು ತಿಳಿದರೆ ಮಕ್ಕಳ ಕಣ್ಣು-ಕೈಗಳ ಪರೀಕ್ಷೆಯ ಅರ್ಥವೂ ಅದರ ಮಿತಿಯೂ ಬಹುಮಟ್ಟಿಗೆ ತಿಳಿದಂತಾಯಿತು.

ಇದು ಕಣ್ಣಿನ ದೋಷವಲ್ಲ. ಐದು ವರ್ಷದ ಮಗುವಿನ ಮುಂದೆ ಒಂದು ಚೌಕವನ್ನೂ ಒಂದು ವಜ್ರಾಕೃತಿಯನ್ನೂ ಇಟ್ಟು, ಮತ್ತೊಂದು ವಜ್ರಾಕೃತಿಯನ್ನು ತೋರಿಸಿ ‘ಇದರ ಜೋಡಿ ಯಾವುದು?’ ಎಂದು ಕೇಳಿದರೆ ಅದು ಸಾಮಾನ್ಯವಾಗಿ ತಡವರಿಸದೆ ಬೆರಳಿಟ್ಟು ತೋರಿಸುತ್ತದೆ. ಕೈಯ ದೋಷವೂ ಅಲ್ಲ. ಗೆರೆಯೆಳೆಯಲು ಬೇಕಾದ ಶಕ್ತಿ ಆ ಬೆರಳುಗಳಲ್ಲಿ ಇದ್ದೇ ಇದೆ. ಕೊರತೆಯಿರುವುದು ಇವೆರಡರ ನಡುವಣ ಕೊಂಡಿಯಲ್ಲಿ. ಚೌಕದ ಗೆರೆಗಳು ಕಾಗದದ ಅಂಚಿಗೆ ಸಮಾನಾಂತರವಾಗಿ ಓಡುತ್ತವೆ. ಕೈಗೆ ಅಂಚೇ ದಾರಿ ತೋರಿಸುತ್ತದೆ. ಓರೆಗೆರೆಗೆ ಅಂಥ ಆಸರೆಯಿಲ್ಲ. ಕೈ ಒಂದೇ ಸಮಯದಲ್ಲಿ ಕೆಳಕ್ಕೂ ಪಕ್ಕಕ್ಕೂ ಸರಿಯಬೇಕು, ಮೂಲೆಗೆ ಬಂದೊಡನೆ ಒಂದು ದಿಕ್ಕನ್ನು ಉಳಿಸಿಕೊಂಡು ಇನ್ನೊಂದನ್ನು ತಿರುಗಿಸಬೇಕು, ಕೊನೆಯ ಗೆರೆ ಎಲ್ಲಿ ಮುಟ್ಟಬೇಕೆಂಬುದನ್ನು ಮೊದಲ ಗೆರೆ ಎಳೆಯುವಾಗಲೇ ಮನಸ್ಸಿನಲ್ಲಿ ಹಿಡಿದಿರಬೇಕು. ಕಂಡ ಆಕಾರವನ್ನು ಬಿಡಿಸಿ, ಅದನ್ನು ಚಲನೆಗಳ ಸರಣಿಯಾಗಿ ಮಾರ್ಪಡಿಸಿ, ಮಾಡುತ್ತಿರುವುದನ್ನು ಕಣ್ಣಿನಿಂದ ಮತ್ತೆ ತೂಗಿ ನೋಡುವ ಈ ಸಾಮರ್ಥ್ಯಕ್ಕೆ ದೃಕ್-ಚಾಲನ ಕೌಶಲವೆಂದು ಹೆಸರು. ಕಣ್ಣು, ಕೈ, ಇವೆರಡರ ಕೂಟ ಎಂಬ ಈ ಮೂರನ್ನು ಬೇರೆ ಬೇರೆಯಾಗಿ ಎಣಿಸತಕ್ಕದ್ದು. ಎಣಿಸದೆ ಹೋದಾಗ ಆಗುವ ಅನ್ಯಾಯವೇ ಈ ಲೇಖನದ ಮುಖ್ಯ ವಿಷಯ.

ಶಾಲೆಯ ಕೆಲಸದಲ್ಲಿ ಬಹುಭಾಗ ಈ ಕೂಟವನ್ನು ಅವಲಂಬಿಸಿದೆ. ಕರಿಹಲಗೆಯ ಮೇಲಿನದನ್ನು ಪುಸ್ತಕಕ್ಕೆ ಇಳಿಸುವುದು, ಬಿಡಿ-ಹತ್ತು-ನೂರುಗಳನ್ನು ಸಾಲು ತಪ್ಪದಂತೆ ಒಂದರ ಕೆಳಗೊಂದು ಬರೆಯುವುದು, ನಕಾಶೆ ತೆಗೆಯುವುದು, ಎರಡು ಗೆರೆಗಳ ನಡುವೆ ಅಕ್ಷರವನ್ನು ಕೂರಿಸುವುದು ಎಲ್ಲವೂ ಇದೇ. ಕನ್ನಡ ಶಾಲೆಗಳ ಹಳೆಯ ಪಾಠಕ್ರಮ ಈ ಭೇದವನ್ನು ಶಾಸ್ತ್ರದ ನೆರವಿಲ್ಲದೆಯೇ ಅರಿತಿತ್ತು. ಮೊದಲು ಮರಳಿನಲ್ಲಿ ಬೆರಳಿನಿಂದ ತಿದ್ದುವುದು, ಅನಂತರ ಪಾಟಿಯ ಮೇಲೆ ನೋಡಿ ಬರೆಯುವುದು, ಕಡೆಗೆ ಉಕ್ತಲೇಖನ. ತಿದ್ದುವಾಗ ಆಕಾರ ಕೈಯ ಕೆಳಗೇ ಇರುತ್ತದೆ, ಕೈಗೆ ಮಾತ್ರ ಅಭ್ಯಾಸ. ನೋಡಿ ಬರೆಯುವಾಗ ಆಕಾರ ಬೇರೊಂದೆಡೆ ಇರುತ್ತದೆ. ಕಣ್ಣು ಅದನ್ನು ಹೊತ್ತು ತರಬೇಕು. ಉಕ್ತಲೇಖನದಲ್ಲಿ ಆಕಾರ ಎಲ್ಲಿಯೂ ಇಲ್ಲ, ನೆನಪಿನಲ್ಲಿದೆ. ತಿದ್ದುವುದರಲ್ಲಿ ಗೆದ್ದು ನೋಡಿ ಬರೆಯುವುದರಲ್ಲಿ ಸೋಲುವ ಮಗುವಿನ ಕೈಯನ್ನು ದೂಷಿಸಿ ಫಲವಿಲ್ಲವೆಂಬುದು ಕೂಲಿಮಠದ ಐಗಳಿಗೂ ತಿಳಿದಿದ್ದ ಸಂಗತಿಯೇ.

ಈ ಬಗೆಯ ಮಾಪನದ ಭಾರತೀಯ ಇತಿಹಾಸದಲ್ಲಿ ಎರಡು ಊರುಗಳು ಹೊರನಾಡ ಕನ್ನಡಿಗರಿಗೆ ವಿಶೇಷ ಆಸಕ್ತಿಯವಾಗಿವೆ. ಮೊದಲನೆಯದು ಧಾರವಾಡ. 1929ರಲ್ಲಿ ಹರ್ಬರ್ಟ್ ರೈಸ್ ಬಿನೆ ಮಾಪಕವನ್ನು ಹಿಂದೂಸ್ತಾನಿಗೆ ಅಳವಡಿಸಿದ ಮೇಲೆ, ವಿ. ವಿ. ಕಾಮತ್ ಅವರು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗಾಗಿ ಅದೇ ಮಾಪಕವನ್ನು ಪರಿಷ್ಕರಿಸಿ 1934ರಲ್ಲಿ ಬ್ರಿಟಿಷ್ ಶಿಕ್ಷಣ-ಮನಶ್ಶಾಸ್ತ್ರ ಪತ್ರಿಕೆಯಲ್ಲಿ ಪ್ರಕಟಿಸಿದರು; 1940ರಲ್ಲಿ ಅದು ಗ್ರಂಥರೂಪದಲ್ಲಿ ಬಂದಿತು. ಒಂದೇ ಮಾಪಕ ಎರಡು ಭಾಷೆಗಳಲ್ಲಿ ಏಕಕಾಲಕ್ಕೆ ಸಿದ್ಧವಾದದ್ದು ಮುಂಬಯಿ ಕರ್ನಾಟಕದ ಶಾಲೆಗಳ ಸ್ಥಿತಿಗೆ ಅನುಗುಣವಾದ ವಿವೇಕವೆನ್ನಬೇಕು. ಮಗುವನ್ನು ಅದರ ಮಾತಿನಲ್ಲಿಯೇ ಪ್ರಶ್ನಿಸಬೇಕೆಂಬ ತತ್ತ್ವ ಅಲ್ಲಿ ಕಾರ್ಯಗತವಾಯಿತು. ಬಿನೆ-ಕಾಮತ್ ಪರೀಕ್ಷೆಯೆಂಬ ಹೆಸರಿನಲ್ಲಿ ಅದು ಭಾರತದ ಆಸ್ಪತ್ರೆಗಳಲ್ಲಿ ಹಲವು ದಶಕಗಳ ಕಾಲ ಉಳಿದುಬಂದದ್ದು ಅದರ ಗಟ್ಟಿತನಕ್ಕೆ ಸಾಕ್ಷಿ. ಮೂವತ್ತರ ದಶಕದ ಮಕ್ಕಳ ಮಾನಕಗಳಿಂದ ಮೊಮ್ಮಕ್ಕಳನ್ನೂ ಅಳೆದದ್ದು ಮಾತ್ರ ಅಷ್ಟು ಹೆಮ್ಮೆಯ ವಿಷಯವಲ್ಲ.

ಎರಡನೆಯ ಊರು ನಾಗಪುರ. ಇಲ್ಲಿಯ ಮಕ್ಕಳ ಮಾರ್ಗದರ್ಶನ ಕೇಂದ್ರದಲ್ಲಿ ಕೆಲಸ ಮಾಡಿದ ಆರ್ಥರ್ ಮಾಲಿನ್ ಅವರು ವೆಕ್ಸ್‌ಲರರ ಮಕ್ಕಳ ಬುದ್ಧಿಮಾಪಕವನ್ನು ಭಾರತಕ್ಕೆ ಅಳವಡಿಸಿ 1969ರಲ್ಲಿ ಕೈಪಿಡಿಯನ್ನು ಹೊರತಂದರು. ವೈನ್‌ಲ್ಯಾಂಡ್ ಸಾಮಾಜಿಕ ಪಕ್ವತೆಯ ಮಾಪಕವನ್ನೂ ಅವರೇ ಅಳವಡಿಸಿದರು. ಅದು ಇಂದಿಗೂ ‘ನಾಗಪುರ ಅಳವಡಿಕೆ’ ಎಂದೇ ಹೆಸರಾಗಿದೆ. ಮಾಲಿನ್ ಮಾಪಕದ ಹನ್ನೊಂದು ಉಪಪರೀಕ್ಷೆಗಳಲ್ಲಿ ಐದು ಮಾತಿನ ಉತ್ತರವನ್ನು ಬಯಸುವುದಿಲ್ಲ. ಬಣ್ಣದ ದಿಮ್ಮಿಗಳಿಂದ ವಿನ್ಯಾಸ ಕಟ್ಟುವುದು, ತುಂಡುಗಳನ್ನು ಸೇರಿಸಿ ವಸ್ತುವನ್ನು ರೂಪಿಸುವುದು, ಅಂಕಿಗೆ ತಕ್ಕ ಸಂಕೇತವನ್ನು ಬೇಗಬೇಗನೆ ಬರೆಯುವುದು, ಚಕ್ರವ್ಯೂಹದಿಂದ ಪೆನ್ಸಿಲನ್ನು ಹೊರಕ್ಕೆ ತರುವುದು ಇತ್ಯಾದಿ. ಕಣ್ಣು-ಕೈಗಳ ಕೂಟ ಇವೆಲ್ಲದರಲ್ಲಿಯೂ ಸೇರಿದೆ, ಆದರೆ ಬೇರೆ ಸಾಮರ್ಥ್ಯಗಳೊಡನೆ ಬೆರೆತು. ಕೇವಲ ಈ ಕೂಟವನ್ನೇ ಹಿಡಿಯಲು ಹೊರಟ ಪರೀಕ್ಷೆಗಳ ವಂಶ ಬೇರೆ.

ಆ ವಂಶದ ಮೂಲಪುರುಷ ಜರ್ಮನಿಯ ಮ್ಯಾಕ್ಸ್ ವರ್ಟ್‌ಹೈಮರ್. ಬಿಡಿಯಾದ ಚುಕ್ಕೆಗಳೂ ಗೆರೆಗಳೂ ಕಣ್ಣಿಗೆ ಹೇಗೆ ಒಂದೇ ಆಕೃತಿಯಾಗಿ ಕೂಡಿಬರುತ್ತವೆಂಬುದನ್ನು ತೋರಿಸಲು 1923ರಲ್ಲಿ ಆತ ಕೆಲವು ಚಿತ್ರಗಳನ್ನು ರಚಿಸಿದ್ದ. ಅಮೆರಿಕದ ಮನೋವೈದ್ಯೆ ಲಾರೆಟ್ಟಾ ಬೆಂಡರ್ ಅವುಗಳನ್ನು ಆಧರಿಸಿ ಒಂಬತ್ತು ಚಿತ್ರಗಳನ್ನಾರಿಸಿ, ನೋಡಿ ಬರೆಯಲು ಮಕ್ಕಳಿಗೂ ರೋಗಿಗಳಿಗೂ ಕೊಟ್ಟು, ಫಲಿತಾಂಶವನ್ನು 1938ರಲ್ಲಿ ಪ್ರಕಟಿಸಿದಳು. ಪರೀಕ್ಷೆಯ ಸಲಕರಣೆಯೆಂದರೆ ಒಂಬತ್ತು ಚೀಟಿ, ಒಂದು ಬಿಳಿಯ ಹಾಳೆ, ಒಂದು ಪೆನ್ಸಿಲು. ಕಾಲಮಿತಿಯಿಲ್ಲ. ಇಷ್ಟು ಅಗ್ಗವಾದ ಪರೀಕ್ಷೆ ಬೇಗನೆ ಹರಡಿದುದರಲ್ಲಿ ಆಶ್ಚರ್ಯವಿಲ್ಲ.

ಬೆಂಡರ್ ಪರೀಕ್ಷೆಯನ್ನು ಶಾಲಾ ಮಕ್ಕಳಿಗೆ ಹೊಂದಿಸಿದವಳು ಎಲಿಜಬೆತ್ ಕೊಪ್ಪಿಟ್ಸ್. 1963-64ರಲ್ಲಿ ಆಕೆ ಐದರಿಂದ ಹತ್ತು ವರ್ಷದವರಿಗಾಗಿ ಮೂವತ್ತು ಅಂಶಗಳ ಎಣಿಕೆಯನ್ನು ರೂಪಿಸಿದಳು. ಅದು ತಪ್ಪುಗಳ ಎಣಿಕೆ. ಅಂಕ ಹೆಚ್ಚಿದಷ್ಟೂ ಕೌಶಲ ಕಡಿಮೆ. ತಪ್ಪು ನಾಲ್ಕು ಬಗೆಯದು: ಆಕಾರ ಕೆಡುವುದು, ಚಿತ್ರ ನಲವತ್ತೈದು ಅಂಶಕ್ಕೆ ಕಡಿಮೆಯಿಲ್ಲದಂತೆ ತಿರುಗಿಬಿಡುವುದು, ಕೂಡಬೇಕಾದ ಭಾಗಗಳು ಕೂಡದೆ ದೂರ ನಿಲ್ಲುವುದು, ಚುಕ್ಕೆಯೋ ಅಲೆಯೋ ಬೇಕಾದಷ್ಟಕ್ಕೆ ನಿಲ್ಲದೆ ಮುಂದುವರಿಯುತ್ತಲೇ ಹೋಗುವುದು. ಆರು ವರ್ಷದ ಮಗುವಿನಲ್ಲಿ ಇವೆಲ್ಲ ಸಹಜ. ಅದೇ ತಪ್ಪು ಹತ್ತನೆಯ ವರ್ಷದಲ್ಲಿ ಉಳಿದಿದ್ದರೆ ವಿಚಾರಿಸತಕ್ಕದ್ದು. ಹತ್ತು ದಾಟಿದ ಮೇಲೆ ಹೆಚ್ಚಿನ ಮಕ್ಕಳು ತಪ್ಪಿಲ್ಲದೆ ಬರೆಯುವುದರಿಂದ ಈ ಎಣಿಕೆಯ ಉಪಯೋಗವೂ ಅಲ್ಲಿಗೆ ತೀರುತ್ತದೆ.

ಕೀತ್ ಬೀರಿಯ ಪರೀಕ್ಷೆ 1967ರಲ್ಲಿ ಬಂದಿತು. ಅದರ ಚಿತ್ರಗಳು ಮಗುವಿನ ಬೆಳವಣಿಗೆಯ ಕ್ರಮದಲ್ಲಿಯೇ ಸಾಗುತ್ತವೆ. ಮೊದಲು ನೆಟ್ಟನೆಯ ಗೆರೆ, ಅಡ್ಡಗೆರೆ, ವರ್ತುಲ. ಆಮೇಲೆ ಕೂಡಿಸುವ ಗುರುತು, ಓರೆಗೆರೆ, ಚೌಕ, ಗುಣಿಸುವ ಗುರುತು, ತ್ರಿಕೋನ. ಅಲ್ಲಿಂದ ಮುಂದೆ ಒಂದರೊಳಗೊಂದು ಹೊಕ್ಕ ಆಕೃತಿಗಳು. ಬೀರಿಯ ಪರೀಕ್ಷೆಯ ನಿಜವಾದ ಗುಣ ಅದರ ಜೊತೆಗೆ ಸೇರಿಬಂದ ಎರಡು ಪೂರಕ ಪರೀಕ್ಷೆಗಳಲ್ಲಿದೆ. ಒಂದರಲ್ಲಿ ಮಗು ಏನನ್ನೂ ಬರೆಯುವುದಿಲ್ಲ. ಕೊಟ್ಟ ಆಕೃತಿಗೆ ಸರಿಯಾದ ಜೋಡಿಯನ್ನು ಮೂರು ನಿಮಿಷಗಳಲ್ಲಿ ಆರಿಸುತ್ತದೆ. ಇನ್ನೊಂದರಲ್ಲಿ ಆಕೃತಿಯನ್ನು ಊಹಿಸುವ ಕೆಲಸವಿಲ್ಲ. ಜೋಡಿಗೆರೆಗಳ ಓಣಿಯೊಳಗೆ ಚುಕ್ಕೆಯಿಂದ ಚುಕ್ಕೆಗೆ ಪೆನ್ಸಿಲನ್ನು ಐದು ನಿಮಿಷ ನಡೆಸಬೇಕು. ಮೊದಲನೆಯದು ಬರಿಯ ಕಣ್ಣಿನ ಲೆಕ್ಕ, ಎರಡನೆಯದು ಬಹುಮಟ್ಟಿಗೆ ಬರಿಯ ಕೈಯ ಲೆಕ್ಕ. ಎರಡರಲ್ಲಿಯೂ ಗೆದ್ದು ನೋಡಿ ಬರೆಯುವುದರಲ್ಲಿ ಮಾತ್ರ ಸೋತವನಿಗೆ ಕೂಟದ ತೊಡಕು. ಓಣಿಯಲ್ಲಿಯೇ ಎಡವುವವನಿಗೆ ಕೈಯ ತೊಡಕು. 2003ರಲ್ಲಿ ಪರಿಷ್ಕಾರಗೊಂಡ ಬೆಂಡರ್ ಪರೀಕ್ಷೆಯೂ ಚಿತ್ರಗಳನ್ನು ಹದಿನಾರಕ್ಕೆ ಏರಿಸಿ, ಇದೇ ಬಗೆಯ ಎರಡು ಕಿರುಪರೀಕ್ಷೆಗಳನ್ನು ಸೇರಿಸಿಕೊಂಡಿತು. ನಮ್ಮ ಶಾಲೆಗಳಿಗೆ ಬರುವ ಪರೀಕ್ಷಕರಲ್ಲಿ ಅನೇಕರು ಚಿತ್ರಗಳನ್ನು ಮಾತ್ರ ಕೊಟ್ಟು ಪೂರಕಗಳನ್ನು ಬಿಡುವುದು ಸಮಯದ ಉಳಿತಾಯವಿರಬಹುದು. ಆದರೆ ಉತ್ತರದ ಅರ್ಧ ಅಲ್ಲಿಯೇ ಕಳೆದುಹೋಗುತ್ತದೆ.

ಇನ್ನು ಈ ಪರೀಕ್ಷೆಗಳಿಗೆ ಭಾಷೆ ಬೇಡವೆಂಬ ಮಾತು. ಪರಭಾಷೆಯ ಊರಿನಲ್ಲಿ ಬೆಳೆಯುವ ಮಕ್ಕಳಿಗೆ ಇವುಗಳನ್ನು ಕೊಡಲು ಮುಖ್ಯ ಕಾರಣವೇ ಅದು. ಚೀಟಿಯ ಮೇಲಿನ ವರ್ತುಲ ಕನ್ನಡವೂ ಅಲ್ಲ, ಮರಾಠಿಯೂ ಅಲ್ಲ. ಆದುದರಿಂದ ಯಾರು ಬರೆದರೂ ಅಳತೆ ಒಂದೇ ಎಂದು ಭಾವಿಸುವುದು ಸುಲಭ. ಆದರೆ ಭಾಷೆ ಬೇಡವೆಂದ ಮಾತ್ರಕ್ಕೆ ಅಭ್ಯಾಸವೂ ಬೇಡವೆಂದಾಗುವುದಿಲ್ಲ. ರಾಬರ್ಟ್ ಸರ್ಪೆಲ್ 1979ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತಮ ಪ್ರಮಾಣ. ಆತ ಜಾಂಬಿಯಾದ ಮಕ್ಕಳಿಗೂ ಇಂಗ್ಲೆಂಡಿನ ಮಕ್ಕಳಿಗೂ ಮಾದರಿಯನ್ನು ನೋಡಿ ಮರುರೂಪಿಸುವ ಕೆಲಸವನ್ನು ನಾಲ್ಕು ಬಗೆಯಲ್ಲಿ ಕೊಟ್ಟ: ಪೆನ್ಸಿಲಿನಿಂದ ಬರೆಯುವುದು, ತಂತಿಯನ್ನು ಬಗ್ಗಿಸುವುದು, ಜೇಡಿಮಣ್ಣಿನಲ್ಲಿ ಮಾಡುವುದು, ಕೈಗಳ ಭಂಗಿಯನ್ನು ಅನುಕರಿಸುವುದು. ಪೆನ್ಸಿಲಿನಲ್ಲಿ ಇಂಗ್ಲೆಂಡಿನ ಮಕ್ಕಳು ಮುಂದಾದರು. ತಂತಿಯಲ್ಲಿ ಜಾಂಬಿಯಾದ ಮಕ್ಕಳು ಮುಂದಾದರು. ತಂತಿಯ ಗಾಡಿ ಮಾಡಿ ಆಡುವುದು ಅವರಲ್ಲಿ ರೂಢಿ. ಮಣ್ಣಿನಲ್ಲಿಯೂ ಕೈಭಂಗಿಯಲ್ಲಿಯೂ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ಭೇದ ಕಾಣಲಿಲ್ಲ. ಪೆನ್ಸಿಲಿನ ಫಲಿತಾಂಶ ಮಾತ್ರ ಕೈಯಲ್ಲಿದ್ದಿದ್ದರೆ ಒಂದು ದೇಶದ ಮಕ್ಕಳ ದೃಷ್ಟಿಗ್ರಹಣವೇ ಮಂದವೆಂದು ಬರೆದಿಡಬಹುದಾಗಿತ್ತು. ಅಂಥ ಬರವಣಿಗೆಯೂ ಒಂದು ಕಾಲದಲ್ಲಿ ಸಾಕಷ್ಟು ನಡೆದಿದೆ.

ಈ ವಿಚಾರವನ್ನು ಕಳಮನಾಕ್ಕೆ ತಂದು ನೋಡಬೇಕು. ನಾಗಪುರದ ಪೂರ್ವ ಭಾಗದ ಈ ಪ್ರದೇಶ ರಾಯಪುರದ ಕಡೆಗೆ ಹೋಗುವ ರೈಲುಮಾರ್ಗದ ನಿಲ್ದಾಣವಾಗಿ ಹೇಗೋ ಹಾಗೆ ಕೃಷಿ ಉತ್ಪನ್ನಗಳ ದೊಡ್ಡ ಮಾರುಕಟ್ಟೆಯಾಗಿಯೂ ಪ್ರಸಿದ್ಧ. ಧಾನ್ಯ, ಮೆಣಸಿನಕಾಯಿ, ನಾಗಪುರದ ಕಿತ್ತಳೆ ಎಲ್ಲಕ್ಕೂ ಇದು ಪೇಟೆ. ಇಂಥ ಪೇಟೆಯ ಸುತ್ತ ಎರಡು ಬಗೆಯ ವಲಸೆಗಾರರು ನೆಲೆಸುತ್ತಾರೆ. ವ್ಯಾಪಾರ, ಬ್ಯಾಂಕು, ರೈಲ್ವೆಯ ಕೆಲಸಗಳಿಗಾಗಿ ಬಂದವರು ಕೆಲವರು. ಮೂಟೆ ಹೊರಲು, ಹಣ್ಣು ಆರಿಸಲು, ಕಟ್ಟಡದ ಕೆಲಸಕ್ಕೆ ಬಂದವರು ಬಹಳ ಮಂದಿ. ಇವರಿಬ್ಬರ ಮಕ್ಕಳನ್ನು ಉದಾಹರಣೆಗಾಗಿ ಕಲ್ಪಿಸಿಕೊಂಡರೆ ಮಾಪನದ ತೊಡಕು ಸ್ಪಷ್ಟವಾಗುತ್ತದೆ.

ಮೊದಲನೆಯ ಮಗು ಒಂಬತ್ತು ವರ್ಷದ ಬಾಲಕ. ತಂದೆ ಹಮಾಲಿ, ಹಂಗಾಮು ಮುಗಿದೊಡನೆ ಊರು ಬದಲಾಗುತ್ತಿದ್ದುದರಿಂದ ಶಾಲೆಯ ಮುಖ ಕಂಡದ್ದು ನಾಲ್ಕು ತಿಂಗಳ ಹಿಂದೆ. 2009ರ ಶಿಕ್ಷಣ ಹಕ್ಕಿನ ಕಾಯಿದೆ ಅವನನ್ನು ವಯಸ್ಸಿಗೆ ತಕ್ಕ ತರಗತಿಯಲ್ಲಿ ಸೇರಿಸಿಕೊಳ್ಳಬೇಕೆಂದೂ ಹಿಂದುಳಿದುದಕ್ಕೆ ವಿಶೇಷ ಬೋಧನೆ ಕೊಡಬೇಕೆಂದೂ ವಿಧಿಸುತ್ತದೆ. ಹೀಗೆ ಅವನು ನಾಲ್ಕನೆಯ ತರಗತಿಯಲ್ಲಿದ್ದಾನೆ. ಆಕೃತಿಗಳನ್ನು ನೋಡಿ ಬರೆಯಲು ಕೊಟ್ಟರೆ ಷಟ್ಕೋನಗಳು ಉರುಟಾಗುತ್ತವೆ, ಮೂಲೆಗಳು ಕೂಡುವುದಿಲ್ಲ. ಎಣಿಕೆಯ ಕೋಷ್ಟಕ ಅವನನ್ನು ಆರು ವರ್ಷದವನೆನ್ನುತ್ತದೆ. ಆದರೆ ಕೋಷ್ಟಕದ ಒಂಬತ್ತು ವರ್ಷದವನು ಐದು ವರ್ಷ ಪೆನ್ಸಿಲು ಹಿಡಿದವನು. ಇವನು ನಾಲ್ಕು ತಿಂಗಳು ಹಿಡಿದವನು. ಇದೇ ಹುಡುಗ ದಬ್ಬಣದಿಂದ ಗೋಣಿಚೀಲದ ಬಾಯನ್ನು ಓರೆಯಿಲ್ಲದೆ ಹೊಲಿಯಬಲ್ಲನಾದರೆ, ಹಗ್ಗದ ಗಂಟನ್ನು ಒಮ್ಮೆ ನೋಡಿ ಹಾಕಬಲ್ಲನಾದರೆ, ಕಣ್ಣು-ಕೈಗಳ ಕೂಟ ಅವನಲ್ಲಿ ಇಲ್ಲವೆನ್ನುವುದು ಹೇಗೆ? ಹೊಲಿಗೆ ಬಂದಿತೆಂದು ಬರವಣಿಗೆ ತಾನಾಗಿ ಬರುವುದಿಲ್ಲ, ನಿಜ. ಮಗು ಚೀಲ ಹೊಲಿಯುತ್ತಿರಬೇಕೆಂದೂ ಇದರ ಅರ್ಥವಲ್ಲ. ಅವನಿಗೆ ಬೇಕಾದುದು ಅಭ್ಯಾಸವೇ ಹೊರತು ರೋಗದ ಹೆಸರಲ್ಲ ಎಂಬುದಷ್ಟೇ ಅರ್ಥ.

ಇಂಥ ಮಗುವಿಗೆ ಪೆನ್ಸಿಲಿಲ್ಲದ ಪರೀಕ್ಷೆಗಳನ್ನು ಮೊದಲು ಕೊಡುವುದು ನ್ಯಾಯ. ಅವು ಇಲ್ಲದಿಲ್ಲ. ಹತ್ತು ಮರದ ಆಕೃತಿಗಳನ್ನು ಅವುಗಳ ಗೂಡುಗಳಲ್ಲಿ ಕೂರಿಸುವ ಸೆಗ್ವಾನ್ ಹಲಗೆಗೆ ಭಾರತೀಯ ಮಕ್ಕಳ ಮಾನಕಗಳನ್ನು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿಂದ ಜೆ. ಭರತ್ ರಾಜ್ ಅವರು 1971ರಲ್ಲಿಯೇ ಪ್ರಕಟಿಸಿದರು. ಸಿ. ಎಂ. ಭಾಟಿಯಾ ಅವರ 1955ರ ಪರೀಕ್ಷಾಮಾಲೆಯಲ್ಲಿ ದಿಮ್ಮಿಗಳ ವಿನ್ಯಾಸವಿದೆ. ಹನ್ನೊಂದು ವರ್ಷ ದಾಟಿದವರಿಗೆ ಅದು ತಕ್ಕದ್ದು. ಅದೇ ಮಾಲೆಯ ಇನ್ನೊಂದು ಪರೀಕ್ಷೆಯಲ್ಲಿ ಪೆನ್ಸಿಲನ್ನು ಎತ್ತದೆ, ಎಳೆದ ಗೆರೆಯ ಮೇಲೆ ಮತ್ತೆ ಹಾಯದೆ ಆಕೃತಿಯನ್ನು ಪೂರೈಸಬೇಕು. ಮನೆಯಂಗಳದಲ್ಲಿ ಎಳೆರಂಗೋಲಿಯನ್ನು ಕೈಬಿಡದೆ ಸುತ್ತಿ ಬಂದಲ್ಲಿಗೇ ತಂದು ಕೂಡಿಸುವ ಹೆಣ್ಣುಮಗಳಿಗೆ ಇದು ಹೊಸದಾಗಿ ತೋರಲಾರದು. ಚುಕ್ಕೆಗಳನ್ನಿಟ್ಟು ಗೆರೆ ಸುತ್ತುವುದು ದೃಕ್-ಚಾಲನ ಕೌಶಲದ ಉತ್ಕೃಷ್ಟ ಪಾಠವಾದರೂ ಅದನ್ನು ಮಾನಕಕ್ಕೆ ತಂದ ಪರೀಕ್ಷೆ ಬಳಕೆಗೆ ಬಂದಂತೆ ತೋರದು. ಮನಶ್ಶಾಸ್ತ್ರಜ್ಞರಿಗೆ ಒಳ್ಳೆಯ ಕ್ಷೇತ್ರವಿದು.

ಎರಡನೆಯ ಮಗು ಕನ್ನಡ ಮನೆಯ ಏಳು ವರ್ಷದ ಬಾಲಕಿ. ತಂದೆಗೆ ಹುಬ್ಬಳ್ಳಿಯಿಂದ ನಾಗಪುರಕ್ಕೆ ವರ್ಗವಾಗಿ ಒಂದು ವರ್ಷವಾಗಿದೆ. ಪೆನ್ಸಿಲಿನ ಅಭ್ಯಾಸ ಇವಳಿಗೆ ಸಾಕಷ್ಟಿದೆ. ತೊಡಕು ಬೇರೆಡೆ. ಒಂದನೆಯ ತರಗತಿಯವರೆಗೆ ಕನ್ನಡ ಅಕ್ಷರಗಳನ್ನು ಬರೆದ ಕೈಗೆ ಈಗ ಮರಾಠಿಯ ದೇವನಾಗರಿ ಬಂದಿದೆ, ಇಂಗ್ಲಿಷೂ ಇದೆ. ಕನ್ನಡದ ಲಿಪಿ ಗುಂಡಗಿನದು. ವರ್ತುಲ, ಅರ್ಧವರ್ತುಲ, ಸುಳಿ, ಮೇಲೊಂದು ತಲಕಟ್ಟು: ಇವು ಬಂದರೆ ‘ರ’ ಬಂದಂತೆ, ಅದರೊಳಗೊಂದು ಬಿಂದುವಿಟ್ಟರೆ ‘ಠ’. ‘ಪ’ಕ್ಕೂ ‘ಷ’ಕ್ಕೂ, ‘ಬ’ಕ್ಕೂ ‘ಭ’ಕ್ಕೂ ಇರುವ ಭೇದ ಒಂದು ಸಣ್ಣ ಗೀಟಿನದು. ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ದೇವನಾಗರಿಯಲ್ಲಿ ನೆಟ್ಟನೆಯ ಕಂಬ, ಮೇಲೆ ಉದ್ದಕ್ಕೂ ಶಿರೋರೇಖೆ. ಅಲ್ಲಿಯ ‘ಘ’ ಮತ್ತು ‘ಧ’, ‘ಮ’ ಮತ್ತು ‘ಭ’ ಜೋಡಿಗಳು ಬೇರೆಯಾಗುವುದು ಮುಖ್ಯವಾಗಿ ಆ ರೇಖೆ ತುಂಡಾಗಿದೆಯೇ ಇಲ್ಲವೇ ಎಂಬುದರಿಂದ; ‘ವ’ದ ಹೊಟ್ಟೆಯಲ್ಲಿ ಗೀಟೆಳೆದರೆ ‘ಬ’. ಕನ್ನಡದ ಕೈ ತಲಕಟ್ಟನ್ನು ಅಕ್ಷರಕ್ಕೊಂದರಂತೆ ಇಡಲು ಕಲಿತದ್ದು. ದೇವನಾಗರಿಯ ರೇಖೆ ಇಡೀ ಪದಕ್ಕೆ ಸೇರಿದ್ದು. ಇಂಥ ಬಾಲಕಿ ಮರಾಠಿ ಬರೆಯುವಾಗ ರೇಖೆಯನ್ನು ತುಂಡುತುಂಡಾಗಿ ಹಾಕಿದರೆ, ‘ಮ’ವನ್ನು ‘ಭ’ದಂತೆ ಬರೆದರೆ, ಕಾರಣ ಅವಳ ಮಿದುಳಿನಲ್ಲಿಲ್ಲ, ಹಿಂದಿನ ಶಾಲೆಯಲ್ಲಿದೆ.

ಅಮೆರಿಕದಲ್ಲಿ 1994ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಬೀರಿಯ ಮೊದಲ ಒಂಬತ್ತು ಆಕೃತಿಗಳನ್ನು ಬರೆಯಬಲ್ಲ ಶಿಶುವಿಹಾರದ ಮಕ್ಕಳು ಅಕ್ಷರಗಳನ್ನೂ ಹೆಚ್ಚು ಚೆನ್ನಾಗಿ ನೋಡಿ ಬರೆದುದನ್ನು ತೋರಿಸಿತು. ಅಲ್ಲಿಂದ, ಮಗುವಿಗೆ ಗುಣಿಸುವ ಗುರುತಿನವರೆಗೆ ಬಂದ ಮೇಲೆ ಬರವಣಿಗೆ ಕಲಿಸುವುದು ಲೇಸೆಂಬ ಸಲಹೆ ಹಬ್ಬಿತು. ಓರೆಗೆರೆಗಳುಳ್ಳ ಎಕ್ಸ್, ಕೆ, ಡಬ್ಲ್ಯು ಮೊದಲಾದ ರೋಮನ್ ಅಕ್ಷರಗಳಿಗೆ ಅದು ಒಪ್ಪುವ ಮಾತು. ಓರೆಗೆರೆಗಳು ಹೆಣೆದುಕೊಳ್ಳುವ ಪ್ರಸಂಗವೇ ವಿರಳವಾದ ಕನ್ನಡ ಲಿಪಿಗೆ ಅದನ್ನು ಹಾಗೆಯೇ ಅನ್ವಯಿಸುವುದು ಯೋಚಿಸತಕ್ಕ ವಿಷಯ.

ಹಾಗಾದರೆ ಸರಿಯಾದ ಮಾಪನ ಹೇಗಿರಬೇಕು? ಪರೀಕ್ಷೆಯ ಚೀಟಿಯನ್ನು ತೆರೆಯುವುದಕ್ಕೆ ಮೊದಲೇ ಕಣ್ಣಿನ ವೈದ್ಯರಿಂದ ಮಗುವಿನ ದೃಷ್ಟಿ ಪರೀಕ್ಷೆಯಾಗಬೇಕು. ಕರಿಹಲಗೆ ಕಾಣಿಸದೆ ಪಕ್ಕದವನ ಪುಸ್ತಕ ನೋಡಿ ಬರೆಯುವ ಮಗುವಿಗೆ ಬೇಕಾದುದು ಕನ್ನಡಕ. ಕುರ್ಚಿಯ ಮೇಲೆ ಕುಳಿತಾಗ ಪಾದ ನೆಲಕ್ಕೆ ಮುಟ್ಟುತ್ತದೆಯೇ, ಮೇಜು ಮೊಣಕೈಯ ಮಟ್ಟಕ್ಕೆ ಬಂದಿದೆಯೇ ಎಂಬುದನ್ನು ನೋಡಬೇಕು. ಜೋತಾಡುವ ಕಾಲು ಕೈಯನ್ನೂ ಅಲುಗಿಸುತ್ತದೆ. ಮಗು ಎಡಗೈಯದಾದರೆ ಹಾಳೆಯನ್ನು ಅದಕ್ಕೆ ಅನುಕೂಲವಾದ ಓರೆಯಲ್ಲಿಡಲು ಬಿಡಬೇಕು. ‘ಎಡಚ’ ಎಂದು ಹಳಿದು ಕೈ ಬದಲಿಸಿದ ಮನೆಗಳು ಇನ್ನೂ ಇವೆ. ಹಾಗೆ ಬದಲಾದ ಕೈಯೇ ಎಂಬುದನ್ನು ತಾಯಿಯಲ್ಲಿ ಕೇಳಿ ತಿಳಿಯಬೇಕು.

ಚಿತ್ರ ಮುಗಿದ ಮೇಲೆ ಅಂಕ ಹಾಕುವುದಕ್ಕಿಂತ ಮಗು ಬರೆಯುತ್ತಿರುವಾಗ ನೋಡುವುದು ಮುಖ್ಯ. ಅನುಭವಿಗಳಾದ ಪರೀಕ್ಷಕರು ಇನ್ನೊಂದು ಹಾಳೆಯಲ್ಲಿ ಮಗುವಿನ ಗೆರೆಗಳ ಕ್ರಮವನ್ನೂ ದಿಕ್ಕನ್ನೂ ಬಾಣದ ಗುರುತಿನಿಂದ ಬರೆದಿಡುತ್ತಾರೆ. ಎರಡು ಮಕ್ಕಳ ವಜ್ರಾಕೃತಿಗಳು ಒಂದೇ ರೀತಿ ಕೆಟ್ಟಿರಬಹುದು. ಒಬ್ಬ ಮಾದರಿಯನ್ನು ಒಮ್ಮೆ ನೋಡಿ ಹತ್ತು ಸೆಕೆಂಡಿನಲ್ಲಿ ಗೀಚಿ ಕೆಳಗಿಟ್ಟಿರುತ್ತಾನೆ, ಅವನದು ಆತುರ. ಇನ್ನೊಬ್ಬ ಪ್ರತಿ ಮೂಲೆಯಲ್ಲಿಯೂ ನಿಂತು, ಅಳಿಸಿ, ಮತ್ತೆ ಬರೆದು, ‘ಸರಿಯಾಗಲಿಲ್ಲ’ ಎಂದು ತಾನೇ ಹೇಳಿರುತ್ತಾನೆ. ಅವನ ಕಣ್ಣು ತಪ್ಪನ್ನು ಹಿಡಿದಿದೆ, ಕೈಗೆ ತಿದ್ದಲಾಗುತ್ತಿಲ್ಲ. ಅಂಕ ಇಬ್ಬರಿಗೂ ಒಂದೇ. ಮುಂದೆ ಮಾಡಬೇಕಾದುದು ಒಂದೇ ಅಲ್ಲ. ಹೆಚ್ಚುಕಡಮೆ ಒಂದು ತಿಂಗಳು ಅಭ್ಯಾಸ ಕೊಟ್ಟು ಮತ್ತೆ ನೋಡುವುದು ಇನ್ನೂ ಉತ್ತಮ. ಅಭ್ಯಾಸದ ಕೊರತೆಯಿಂದ ಹಿಂದುಳಿದವನು ಅಷ್ಟರಲ್ಲಿ ಕಣ್ಣಿಗೆ ಕಾಣುವಷ್ಟು ಮುಂದೆ ಬಂದಿರುತ್ತಾನೆ. ನಿಜವಾದ ತೊಡಕಿರುವವನು ನಿಂತಲ್ಲಿಯೇ ಇರುವುದು ಹೆಚ್ಚು. ಈ ಕೆಲಸಕ್ಕೆ ಮನಶ್ಶಾಸ್ತ್ರಜ್ಞರೊಬ್ಬರೇ ಸಾಲರು. ನಿತ್ಯದ ಕೆಲಸಗಳ ಮೂಲಕ ಅಂಗಗಳನ್ನು ಪಳಗಿಸುವ ಆಕ್ಯುಪೇಶನಲ್ ಥೆರಪಿಯ ತಜ್ಞರೂ ಬೇಕು. ನಾಗಪುರದ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಆ ವಿದ್ಯೆಯ ಶಾಲೆ ಬಹುಕಾಲದಿಂದ ಇರುವುದು ಈ ಊರಿನ ಅನುಕೂಲ.

ಪರೀಕ್ಷೆಯ ಫಲವನ್ನು ಎಲ್ಲಿಯವರೆಗೆ ಎಳೆಯಬಹುದೆಂಬುದರ ಬಗ್ಗೆ ಎರಡು ಮಾತು. ಬೆಂಡರ್ ಚಿತ್ರಗಳಲ್ಲಿ ತಪ್ಪು ಕಂಡರೆ ಮಿದುಳಿಗೆ ಸೂಕ್ಷ್ಮವಾದ ಪೆಟ್ಟಾಗಿದೆಯೆಂದು ಹೇಳುವ ರೂಢಿ ಅರುವತ್ತರ ದಶಕದಲ್ಲಿತ್ತು. ಅದು ಈಗ ಉಳಿದಿಲ್ಲ. ಅದೇ ಕಾಲದಲ್ಲಿ ವಿಯೆನ್ನಾದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಮೇರಿಯಾನ್ ಫ್ರಾಸ್ಟಿಗ್ ದೃಷ್ಟಿಗ್ರಹಣವನ್ನು ಐದು ಭಾಗ ಮಾಡಿ ಪರೀಕ್ಷೆಯನ್ನೂ ಅದಕ್ಕೆ ಹೊಂದಿದ ಅಭ್ಯಾಸಗಳನ್ನೂ ಸಿದ್ಧಪಡಿಸಿದಳು;

ಆಕೃತಿಗಳನ್ನು ತಿದ್ದಿಸಿದರೆ ಓದುವುದೂ ಸುಧಾರಿಸುತ್ತದೆಂದು ಅನೇಕರು ನಂಬಿದರು. 1974ರಲ್ಲಿ ಹ್ಯಾಮಿಲ್ ಮತ್ತು ಸಂಗಡಿಗರು ಅಂಥ ಪ್ರಯೋಗಗಳನ್ನೆಲ್ಲ ಕೂಡಿಸಿ ನೋಡಿದಾಗ ಆ ನಂಬಿಕೆಗೆ ಆಧಾರ ಸಿಕ್ಕಲಿಲ್ಲ. ಓದಿನ ತೊಡಕಿಗೆ ಹೆಚ್ಚಾಗಿ ಕಾರಣವಾಗುವುದು ಮಾತಿನ ಧ್ವನಿಗಳನ್ನು ಬಿಡಿಸಿ ಅಕ್ಷರಕ್ಕೆ ಹೊಂದಿಸುವಲ್ಲಿಯ ಕಷ್ಟ. ಬರೆಯುವುದನ್ನು ಸುಧಾರಿಸಬೇಕಾದರೆ ಅಕ್ಷರವನ್ನೇ ಬರೆಸಬೇಕು, ಓದುವುದನ್ನು ಸುಧಾರಿಸಬೇಕಾದರೆ ಓದಿಸಬೇಕು. ಚುಕ್ಕೆ ಸೇರಿಸುವ ಪುಸ್ತಕಗಳನ್ನು ಕೊಂಡು ತಂದು ಮಗ ಓದಲಿಲ್ಲವೆಂದು ಕೊರಗುವ ತಾಯಿತಂದೆಯರು ಇದನ್ನು ಗಮನಿಸಬಹುದು.

ಇದರ ಫಲ ಕಾಯಿದೆಯ ಕಡತಕ್ಕೂ ಸೇರುತ್ತದೆ. ಕಲಿಕೆಯ ನಿರ್ದಿಷ್ಟ ತೊಡಕಿರುವ ಮಕ್ಕಳಿಗೆ ಶಾಲೆಯ ಪರೀಕ್ಷೆಗಳಲ್ಲಿ ಹೆಚ್ಚಿನ ಸಮಯ ಮೊದಲಾದ ಸೌಲಭ್ಯಗಳನ್ನು ಮಹಾರಾಷ್ಟ್ರ ಸರ್ಕಾರ 1996ರಿಂದಲೇ ಕೊಡತೊಡಗಿತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಈ ತೊಡಕನ್ನು ತನ್ನ ಇಪ್ಪತ್ತೊಂದು ವರ್ಗಗಳಲ್ಲಿ ಸೇರಿಸಿತು. ಅದರ ಅನ್ವಯ 2018ರಲ್ಲಿ ಹೊರಟ ಮಾರ್ಗಸೂಚಿ, ಎಂಟು ವರ್ಷ ತುಂಬಿದ ಮೇಲೆಯೇ ಪ್ರಮಾಣಪತ್ರ ಕೊಡಬೇಕೆಂದು ವಿಧಿಸಿ, ಬುದ್ಧಿಮಾಪನಕ್ಕೆ ಮಾಲಿನ್ ಮಾಪಕ ಅಥವಾ ವೆಕ್ಸ್‌ಲರ್ ಮಾಪಕವನ್ನೂ, ತೊಡಕಿನ ನಿರ್ಣಯಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಪರೀಕ್ಷಾಮಾಲೆಯನ್ನೂ ಹೆಸರಿಸಿತು. ಮಾಳವಿಕಾ ಕಪೂರ್ ಮತ್ತು ಸಹೋದ್ಯೋಗಿಗಳು ರೂಪಿಸಿದ ಆ ಮಾಲೆಯಲ್ಲಿ ಓದು, ಬರಹ, ಲೆಕ್ಕಗಳೊಡನೆ ಆಕೃತಿಗಳನ್ನು ನೋಡಿ ಬರೆಯುವುದೂ ಒಂದು ಭಾಗ. ನಾಗಪುರದ ಮಾಪಕವೂ ಬೆಂಗಳೂರಿನ ಮಾಲೆಯೂ ಹೀಗೆ ಒಂದೇ ಮಗುವಿನ ಮುಂದೆ ಒಂದೇ ಮೇಜಿನ ಮೇಲೆ ಬಂದು ಸೇರಿದವು. ಆಕೃತಿಯ ಭಾಗ ಅಲ್ಲಿ ಹಲವು ಅಂಗಗಳಲ್ಲಿ ಒಂದೇ ಹೊರತು ನಿರ್ಣಾಯಕವಲ್ಲ. ಒಂಬತ್ತು ಚಿತ್ರಗಳ ಬಲದಿಂದ ಮಾತ್ರ ತೊಡಕಿದೆಯೆಂದೋ ಇಲ್ಲವೆಂದೋ ಬರೆದುಕೊಟ್ಟ ಪತ್ರವನ್ನು ಪಾಲಕರು ಪ್ರಶ್ನಿಸಲು ಹಿಂಜರಿಯಬೇಕಾಗಿಲ್ಲ.

ಕನ್ನಡ ಮನೆಯ ಮಗುವನ್ನು ಪರೀಕ್ಷೆಗೆ ಕರೆದೊಯ್ಯುವವರು ಕೆಲವು ಸಂಗತಿಗಳನ್ನು ಪರೀಕ್ಷಕರಿಗೆ ತಾವಾಗಿಯೇ ತಿಳಿಸುವುದು ಒಳ್ಳೆಯದು: ಮನೆಯ ಮಾತು ಯಾವುದು, ಮೊದಲು ಕಲಿತ ಲಿಪಿ ಯಾವುದು, ಈಗಿನ ಲಿಪಿಗೆ ಬಂದು ಎಷ್ಟು ತಿಂಗಳಾಯಿತು, ಶಾಲೆ ಎಷ್ಟು ಸಲ ಬದಲಾಯಿತು. ಹಿಂದಿನ ಶಾಲೆಯ ಕನ್ನಡ ಬರವಣಿಗೆಯ ಪುಸ್ತಕವೊಂದನ್ನು ಜೊತೆಗೆ ಒಯ್ದರೆ ಇನ್ನೂ ಉಪಯೋಗ. ಕನ್ನಡವನ್ನು ಓದಲಾರದ ಪರೀಕ್ಷಕನಿಗೂ ಆ ಹಾಳೆಗಳಲ್ಲಿ ಅಕ್ಷರಗಳು ಸಾಲಿನಲ್ಲಿ ನಿಂತಿವೆಯೇ, ಒಂದೇ ಗಾತ್ರದಲ್ಲಿವೆಯೇ, ಒತ್ತಕ್ಷರ ತನ್ನ ಜಾಗದಲ್ಲಿದೆಯೇ ಎಂಬುದು ಕಾಣುತ್ತದೆ. ಅಲ್ಲಿ ಎಲ್ಲವೂ ನೆಟ್ಟಗಿದ್ದು ಮರಾಠಿಯ ಪುಸ್ತಕದಲ್ಲಿ ಮಾತ್ರ ಚೆದರಿದ್ದರೆ ಒಂದು ಬಗೆಯ ನಿರ್ಣಯ. ಎರಡರಲ್ಲಿಯೂ ಒಂದೇ ರೀತಿ ಚೆದರಿದ್ದರೆ ಇನ್ನೊಂದು. ಪರೀಕ್ಷೆಯ ಸೂಚನೆಗಳು ಕೆಲವೇ ವಾಕ್ಯಗಳಲ್ಲಿ ಮುಗಿಯುವುದರಿಂದ, ಅವನ್ನು ಮಗುವಿಗೆ ಕನ್ನಡದಲ್ಲಿ ಹೇಳಲು ಪರೀಕ್ಷಕನ ಅನುಮತಿ ಪಡೆದು ಮನೆಯವರೊಬ್ಬರು ಪಕ್ಕದಲ್ಲಿ ಕುಳಿತಿರಬಹುದು. ‘ಹೀಗೆ ಬರೆ, ಅಲ್ಲಿ ಕೂಡಿಸು’ ಎಂದು ನಡುವೆ ಬಾಯಿ ಹಾಕದಿದ್ದರೆ ಸರಿ.